ಕಡಲ ತಡಿಯ ಹಮಾಮು

ಕ್ಷೌರದಂಗಡಿಯಲ್ಲಿ ತಲೆ ತಗ್ಗಿಸಿ ಕೂತು ಚಂಪಿ ಮಾಡಿಸಿಕೊಂಡ ಸುಖ ಗೊತ್ತಿಲ್ಲದವರು ನಮ್ಮಲ್ಲಿ ಕಡಿಮೆ. ಒತ್ತು, ಅಮುಕು ಎಂಬರ್ಥದ ಆ ಹಿಂದೂಸ್ತಾನಿ ಮಾತೇ ಇಂಗ್ಲಿಷಿಗೆ ಹೋಗಿ ಶಾಂಪೂ ಆಗಿ ತಿರುಗಿ ಬಂದು, ಈಗ ಕಿರಾಣಿ ಅಂಗಡಿಯ ಬಾಗಿಲಲ್ಲಿ ಪುಟ್ಟ ಪ್ಯಾಕೆಟ್ಟುಗಳ ಮಾಲೆಯಾಗಿ ತೂಗುತ್ತಿದೆ. ಅದು ಹೋಗಿ ಬಂದ ದಾರಿಯಲ್ಲಿ ಇಂಗ್ಲೆಂಡಿನ ಬ್ರೈಟನ್ ಎಂಬ ಕಡಲೂರು ಸಿಗುತ್ತದೆ. ಅಲ್ಲಿ ಪಾಟ್ನಾದ ಮುಸಲ್ಮಾನನೊಬ್ಬ ಸಿಗುತ್ತಾನೆ.

ಇತ್ತೀಚಿನ ವರ್ಷಗಳಲ್ಲಿ ಬ್ರೈಟನ್ನಿನ ದಂಡೆಯ ಮೇಲೆ ಮರದ ಸೌನಾಗಳು ಎದ್ದಿವೆ. ಗಂಡಸರು ಹೆಂಗಸರು ಒಟ್ಟಿಗೆ ಕೂತು ಬೆವರಿ, ಓಡಿಹೋಗಿ ತಣ್ಣನೆಯ ಕಡಲಿಗೆ ಬೀಳುತ್ತಾರೆ. ಇದು ಫಿನ್‌ಲ್ಯಾಂಡಿನ ಪದ್ಧತಿ ಎನ್ನುತ್ತಾರೆ, ಸುಳ್ಳಲ್ಲ. ಆದರೆ ಆ ದಂಡೆಗೆ ಬಿಸಿ ಹಬೆ ಹೊಸದೇನಲ್ಲ.

ತಣ್ಣೀರಿನ ಮುಳುಗು ಅಲ್ಲಿಗೆ ಮೊದಲು ಬಂತು. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ ಸಮುದ್ರದ ನೀರು ರೋಗಕ್ಕೆ ಮದ್ದೆಂದು ಪುಸ್ತಕ ಬರೆದ. ಮೀಯುವುದಷ್ಟೇ ಅಲ್ಲ, ಕುಡಿಯಬೇಕು ಎಂದೂ ಹೇಳಿದ! ಸಿರಿವಂತರು ಗಾಲಿಯ ಮೇಲಿನ ಮರದ ಗೂಡುಗಳಲ್ಲಿ ಕೂತು ನೀರಿಗಿಳಿದರು. ಅವರನ್ನು ಹಿಡಿದು ಮುಳುಗಿಸಿ ಎತ್ತುವುದಕ್ಕೆ ಮಾರ್ಥಾ ಗನ್‌ಳಂಥ ಗಟ್ಟಿ ತೋಳಿನ ಹೆಂಗಸರಿದ್ದರು. ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದವನು 1783ರಲ್ಲಿ ಅಲ್ಲಿಗೆ ಬಂದ ಮೇಲೆ ಊರಿನ ದೆಸೆಯೇ ತಿರುಗಿತು.

ಶೇಖ್ ದೀನ್ ಮಹಮ್ಮದ್ ಹುಟ್ಟಿದ್ದು 1759ರಲ್ಲಿ, ಪಾಟ್ನಾದಲ್ಲಿ. ತಂದೆ ಕಂಪನಿಯ ಸೈನ್ಯದಲ್ಲಿದ್ದು ಸತ್ತವರು. ಹುಡುಗ ಹತ್ತು ಹನ್ನೊಂದರ ವಯಸ್ಸಿಗೇ ಗಾಡ್‌ಫ್ರೀ ಬೇಕರ್ ಎಂಬ ಅಧಿಕಾರಿಯ ಬೆನ್ನು ಹತ್ತಿದ. ಆತನೊಂದಿಗೇ ಐರ್ಲೆಂಡಿನ ಕಾರ್ಕ್ ಊರಿಗೂ ಹೋದ. ಅಲ್ಲಿ ಜೇನ್ ಡೇಲಿ ಎಂಬಾಕೆಯನ್ನು ಮದುವೆಯಾಗುವುದಕ್ಕಾಗಿ ಪ್ರಾಟೆಸ್ಟೆಂಟ್ ಚರ್ಚು ಸೇರಿದ. 1794ರಲ್ಲಿ ಪ್ರವಾಸ ಕಥನ ಬರೆದ. ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ ಮೊದಲ ಭಾರತೀಯನೆಂಬ ಹೆಸರು ಅದರಿಂದ ಬಂತು. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಕಾಫಿ ಹೌಸ್ ತೆರೆದ. ಎರಡು ವರ್ಷದಲ್ಲಿ ದಿವಾಳಿ.

ಐವತ್ತು ದಾಟಿದ ಮೇಲೆ ಬ್ರೈಟನ್ನಿಗೆ ಬಂದು ಕೈಯನ್ನೇ ನಂಬಿದ. 1821ರಲ್ಲಿ ಕಡಲಿಗೆ ಮುಖ ಮಾಡಿದ ದೊಡ್ಡ ಸ್ನಾನಗೃಹ ಎದ್ದಿತು. ಗಿಡಮೂಲಿಕೆ ಹಾಕಿದ ಹಬೆಯಲ್ಲಿ ರೋಗಿ ಚೆನ್ನಾಗಿ ಬೆವರಬೇಕು. ಸುತ್ತ ಫ್ಲಾನೆಲ್ ಬಟ್ಟೆಯ ಗುಡಾರ, ಗುಡಾರಕ್ಕೆ ತೋಳುಗಳು. ಹೊರಗೆ ನಿಂತವನು ಆ ತೋಳುಗಳಲ್ಲಿ ಕೈ ತೂರಿಸಿ ಮೈ ಒತ್ತುತ್ತಿದ್ದ. ಒಳಗಿದ್ದವನಿಗೆ ತಾಕುತ್ತಿದ್ದುದು ಎರಡು ಕೈ ಮಾತ್ರ. ಹೆಂಗಸರ ವಿಭಾಗವನ್ನು ಪತ್ನಿ ಜೇನ್ ನೋಡಿಕೊಳ್ಳುತ್ತಿದ್ದರು. ಮೊದಮೊದಲು ನಕ್ಕವರೇ ಹೆಚ್ಚು. ಆಮೇಲೆ ವಾಸಿಯಾದವರು ಬಿಟ್ಟುಹೋದ ಊರುಗೋಲುಗಳನ್ನು ಹಜಾರದಲ್ಲಿ ನೇತುಹಾಕುವಷ್ಟಾಯಿತು. ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ಇಬ್ಬರು ದೊರೆಗಳಿಗೂ ಆತ ನೇಮಿತ 'ಶಾಂಪೂಯಿಂಗ್ ಸರ್ಜನ್' ಆದ.

ನಮ್ಮವರು ಈ ಕಥೆ ಹೇಳುವಾಗ ಇಲ್ಲಿಗೇ ನಿಲ್ಲಿಸಿ ಎದೆಯುಬ್ಬಿಸುವುದುಂಟು: ನೋಡಿ, ಶಾಂಪೂ ಕಂಡುಹಿಡಿದದ್ದು ನಮ್ಮವನೇ! ಆ ಪದ 1762ರಲ್ಲೇ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿತ್ತು. ಆಗ ಅದಕ್ಕಿದ್ದ ಅರ್ಥ ಮೈ ಒತ್ತುವುದೇ ಹೊರತು ಕೂದಲು ತೊಳೆಯುವುದಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. 1822ರ ತನ್ನ ಚಿಕಿತ್ಸಾ ಗ್ರಂಥದಲ್ಲಿ ದೀನ್ ಮಹಮ್ಮದ್ ಹುಟ್ಟಿದ ವರ್ಷವನ್ನು ಹತ್ತು ವರ್ಷ ಹಿಂದೆ, 1749ಕ್ಕೆ ಸರಿಸಿದ; ಕಂಪನಿಯ ಸೈನ್ಯದಲ್ಲಿ ವೈದ್ಯನಾಗಿ ತರಬೇತಾದೆ ಎಂದೂ ಬರೆದುಕೊಂಡ. ಆತನ ಬದುಕನ್ನು ಶೋಧಿಸಿದ ಇತಿಹಾಸಕಾರ ಮೈಕೆಲ್ ಫಿಶರ್ ಇದು ಕಟ್ಟಿದ ಕಥೆ ಎಂದು ತೋರಿಸಿದ್ದಾರೆ.

ಇದನ್ನು ಮುಚ್ಚಿಡಬೇಕೆಂದು ನಮಗೆ ಅನಿಸುವುದಿಲ್ಲ. ಬಂಗಾಳದ ನವಾಬರ ಸಂಬಂಧಿಕ ಎಂದು ಹೇಳಿಕೊಂಡವನು ಪರದೇಶದಲ್ಲಿ ಅನ್ನಕ್ಕಾಗಿ ಹಿಡಿದದ್ದು ನಮ್ಮೂರುಗಳಲ್ಲಿ ಕ್ಷೌರಿಕರಿಗೆ ಬಿಟ್ಟಿದ್ದ ಕೆಲಸವನ್ನು. ಅರಬ್ಬಿಯಲ್ಲಿ ಹಜ್ಜಾಮ್ ಎಂದರೆ ಕೆಟ್ಟ ರಕ್ತ ತೆಗೆದು ರೋಗ ವಾಸಿಮಾಡುವವನು. ಆ ಮಾತನ್ನು ಕನ್ನಡದಲ್ಲಿ ಬೈಗುಳ ಮಾಡಿದವರು ನಾವು. ನಾವು ಎಂದರೆ ಹಿಂದೂಗಳಷ್ಟೇ ಅಲ್ಲ. ಎಲ್ಲರೂ ಸಮಾನರೆಂದು ಒಂದೇ ಸಫ್‌ನಲ್ಲಿ ನಿಂತು ನಮಾಜು ಮಾಡಿ, ಮದುವೆಯ ಮಾತು ಬಂದಾಗ ಆ ಮನೆಯೆಂದರೆ ಮುಖ ತಿರುಗಿಸುವವರೂ ಸೇರಿ. ಊರುಗೋಲು ಬಿಡಿಸಿದ ಕೈಗೆ ಇಂಗ್ಲೆಂಡಿನಲ್ಲೂ ಬರೀ ಕೈ ಎಂಬ ಕಾರಣಕ್ಕೆ ಮರ್ಯಾದೆ ಸಿಗಲಿಲ್ಲ. ಡಾಕ್ಟರನ ವೇಷ ತೊಡಬೇಕಾಯಿತು.

ಇಳಿಗಾಲ ಬೇಗ ಬಂತು. ಪಾಲುದಾರ ತೀರಿಕೊಂಡ ಮೇಲೆ 1840ರ ಸುಮಾರಿಗೆ ಕಟ್ಟಡ ಹರಾಜಿಗೆ ಬಂದಾಗ ಅದನ್ನು ಕೊಳ್ಳುವ ಶಕ್ತಿ ದೀನ್ ಮಹಮ್ಮದನಿಗಿರಲಿಲ್ಲ. ವಿಕ್ಟೋರಿಯಾ ರಾಣಿಗೆ ಬ್ರೈಟನ್ ಹಿಡಿಸಲಿಲ್ಲ. ಅಲ್ಲಿನ ಗುಮ್ಮಟಗಳ ಅರಮನೆ 1850ರಲ್ಲಿ ಊರಿನವರ ಪಾಲಾಯಿತು. ಮರುವರ್ಷ ಫೆಬ್ರವರಿಯಲ್ಲಿ ಆತ ಕಣ್ಮುಚ್ಚಿದ.

ಅಜ್ಜ ಹೇಳಿಕೊಂಡ ವಿದ್ಯೆಯನ್ನು ಮೊಮ್ಮಗ ನಿಜವಾಗಿ ಕಲಿತ. ಫ್ರೆಡರಿಕ್ ಅಕ್ಬರ್ ಮಹಮ್ಮದ್ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯನಾಗಿ, ರಕ್ತದೊತ್ತಡ ಮೂತ್ರಪಿಂಡದ ರೋಗಕ್ಕಿಂತ ಮೊದಲೇ ಏರಬಹುದೆಂದು ತೋರಿಸಿಕೊಟ್ಟು, 1884ರಲ್ಲಿ ಇನ್ನೂ ಮೂವತ್ತೈದಕ್ಕೇ ತೀರಿಕೊಂಡ.

ಅಜ್ಜನ ಸಮಾಧಿ ಬ್ರೈಟನ್ನಿನ ಸಂತ ನಿಕೋಲಸ್ ಚರ್ಚಿನ ಅಂಗಳದಲ್ಲಿದೆ. ಹೆಸರಿನೊಂದಿಗೆ ಪಾಟ್ನಾ, ಹಿಂದೂಸ್ತಾನ ಎಂದು ಕೊರೆದಿದ್ದಾರೆ. ವಯಸ್ಸು 101 ಎಂದಿದೆ. ಆ ಹತ್ತು ವರ್ಷಗಳನ್ನು ಕಲ್ಲಿನ ಮೇಲೂ ಯಾರೂ ಕಳೆದಿಲ್ಲ.