ವೈರಸ್ಸಿಲ್ಲದ ಜೀನ್ ವಾಹಕಗಳು: ಬೆಂಗಳೂರಿನ ಸಂಶೋಧನೆಯ ಒಂದು ಘಟ್ಟ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಚರಿತ್ರೆ ಎಂದೊಡನೆ ವಿದ್ವಾಂಸರ ದೃಷ್ಟಿ ಹೊಯ್ಸಳರ ಶಿಲ್ಪ, ಶಾಸನಗಳತ್ತ ಹರಿಯುವುದು ಸಹಜ. ಈ ಸೀಮೆಯ ಜನರಿಗೆ ಸಂಬಂಧಿಸಿದ, ಇನ್ನೂ ಬರವಣಿಗೆಗೆ ಅಷ್ಟಾಗಿ ಒಳಪಡದ ಚರಿತ್ರೆಯೊಂದು ಬೆಂಗಳೂರಿನಲ್ಲಿದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ, 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ರೋಗಿಗೆ ಶಸ್ತ್ರಕ್ರಿಯೆ, ವಿಕಿರಣ, ಔಷಧಗಳು ಪರಿಚಿತ. ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕ್ಯಾನ್ಸರ್ ಕೋಶದೊಳಕ್ಕೆ ಜೀನನ್ನೇ ಕಳುಹಿಸುವ ಪ್ರಯತ್ನ ನಡೆದದ್ದು ಆತನಿಗೆ ತಿಳಿದಿರುವ ಸಂಭವ ಕಡಿಮೆ.

ಜೀನನ್ನು ಸಾಗಿಸಲು ವೈರಸ್ಸುಗಳೇ ಸಮರ್ಥವೆಂಬ ನಂಬಿಕೆ ದೃಢವಾಗಿದ್ದ ಕಾಲದಲ್ಲಿ, 1999ರಲ್ಲಿ, ಅಮೆರಿಕದ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಅಡಿನೋವೈರಸ್ ಆಧಾರಿತ ಪ್ರಯೋಗದಲ್ಲಿ ಮೃತಪಟ್ಟನು. ವೈರಸ್ಸಿಲ್ಲದ ಮಾರ್ಗ ಅದಕ್ಕೂ ಹಿಂದಿನದು. 1987ರಲ್ಲಿ ವೂ ದಂಪತಿಗಳು ಪಾಲಿಲೈಸೀನ್‌ಗೆ ಯಕೃತ್ ಕೋಶಗಳು ಗುರುತಿಸುವ ಪ್ರೋಟೀನನ್ನು ಜೋಡಿಸಿ, ಗುರಿಯುಳ್ಳ ವಾಹಕವನ್ನು ತೋರಿಸಿದ್ದರು. 1995ರಲ್ಲಿ ಫ್ರಾನ್ಸಿನ ಬೆಹ್ರ್ ಅವರ ತಂಡ ಪಾಲಿಎಥಿಲೀನ್‌ಇಮೀನನ್ನು ಮುಂದಿಟ್ಟಿತು. ಇದರ ಧನ ಆವೇಶವು ಡಿಎನ್‌ಎಯ ಋಣ ಆವೇಶವನ್ನು ಹಿಡಿದು ಸೂಕ್ಷ್ಮ ಕಣವಾಗಿಸುತ್ತದೆ. ಕೋಶದೊಳಗಿನ ಚೀಲದಲ್ಲಿ ಪ್ರೋಟಾನುಗಳನ್ನು ಹೀರಿ, ಆ ಚೀಲ ಒಡೆಯಲು ಕಾರಣವಾಗುತ್ತದೆ ಎಂದು ತಂಡ ಊಹಿಸಿತು. ತೊಡಕಿದ್ದದ್ದು ಬೇರೆಡೆ. ದೊಡ್ಡ ಅಣುವಿನ ಪಾಲಿಮರ್ ಚೆನ್ನಾಗಿ ಸಾಗಿಸುತ್ತದೆ, ಆದರೆ ಕೋಶಕ್ಕೆ ವಿಷವಾಗುತ್ತದೆ. ಚಿಕ್ಕದು ನಿರುಪದ್ರವಿ, ಆದರೆ ದುರ್ಬಲ.

ಈ ತೊಡಕನ್ನು ಬೆಂಗಳೂರಿನ ರಸಾಯನಶಾಸ್ತ್ರಜ್ಞ ಸಂತನು ಭಟ್ಟಾಚಾರ್ಯ ಹಾಗೂ ಜೀವಶಾಸ್ತ್ರಜ್ಞ ಪಾತೂರು ಕೊಂಡಯ್ಯ ಅವರ ತಂಡಗಳು ಒಟ್ಟಾಗಿ ಎದುರಿಸಿದವು. ಅವಿನಾಶ್ ಬಜಾಜ್ ಅವರೊಡನೆ 2008ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪಾಲಿಎಥಿಲೀನ್‌ಇಮೀನಿಗೆ ಕೊಲೆಸ್ಟೆರಾಲನ್ನು ಈಥರ್ ಬಂಧದ ಮೂಲಕ ಬೆಸೆದ ಲಿಪೋಪಾಲಿಮರುಗಳ ವಿವರಗಳಿವೆ. ಕೋಶಪೊರೆಗೆ ಪರಿಚಿತವಾದ ಕೊಲೆಸ್ಟೆರಾಲನ್ನೇ ಸಾಧನವಾಗಿಸಿದ ಈ ಉಪಾಯ ಸರಳವೂ ಜಾಣತನದ್ದೂ ಆಗಿದೆ. ಪರೀಕ್ಷೆಗೆ ಬಳಸಿದ್ದು ಹೀಲಾ ಕೋಶಗಳನ್ನು. ಅವು 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಕ್ಯಾನ್ಸರಿನಿಂದ ಬಂದವು. ಗಾಜಿನ ತಟ್ಟೆಯಲ್ಲಿನ ಕೋಶ ಮಣಿದ ಮಾತ್ರಕ್ಕೆ ದೇಹದೊಳಗಿನ ಗಡ್ಡೆ ಮಣಿಯಿತೆಂದು ಭಾವಿಸಲಾಗದು. ರಕ್ತದ್ರವದ ಪ್ರೋಟೀನುಗಳು ಅಂಟಿದರೆ ಕಣದ ಗುಣವೇ ಬದಲಾಗುತ್ತದೆ. 2014ರಲ್ಲಿ ಇದೇ ಸಂಶೋಧಕರು, ಸಂತೋಷ್ ಮಿಶ್ರ ಮೊದಲಾದವರೊಂದಿಗೆ, ಪಿ53 ಜೀನನ್ನು ಕ್ಯಾನ್ಸರ್ ಕೋಶಗಳಿಗೆ ಸಾಗಿಸುವ ಕೊಲೆಸ್ಟೆರಾಲ್ ಆಧಾರಿತ ವಾಹಕದ ಬಗೆಗೆ ಪ್ರಕಟಿಸಿದರು. ಅದು ಪಾಲಿಮರಲ್ಲ, ಲಿಪಿಡ್; ಎರಡನ್ನೂ ಒಂದೇ ಎಂದು ಬರೆಯುವುದು ತಪ್ಪಾಗುತ್ತದೆ.

ಬೇಲೂರಿನ ವಿಗ್ರಹಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ಪ್ರಯೋಗಾಲಯದ ಪ್ರಬಂಧದಲ್ಲೂ ಕೆಲಸ ಮಾಡಿದ ಶಿಷ್ಯನ ಹೆಸರು ಸಾಮಾನ್ಯವಾಗಿ ಮೊದಲು ಬರುತ್ತದೆ. ಚರಿತ್ರೆ ಬರೆಯುವವರು ಮಾತ್ರ ಅದನ್ನು ಆಗಾಗ ಮರೆಯುತ್ತಾರೆ.

ಅಮೆರಿಕದ ಮಾರ್ಕ್ ಡೇವಿಸ್ ತಂಡ ಗುರಿಯುಳ್ಳ ಪಾಲಿಮರ್ ಕಣದಿಂದ ಕಿರು ಆರ್‌ಎನ್‌ಎಯನ್ನು ರೋಗಿಗಳ ಗಡ್ಡೆಗೆ ತಲುಪಿಸಿದ ವರದಿ 2010ರದು. ಭಾರತದಲ್ಲಿ 2023ರಲ್ಲಿ ಅನುಮತಿ ಪಡೆದ ರಕ್ತ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆ, ನೆಕ್ಸ್‌ಕಾರ್19, ಜೀನ್ ಸಾಗಣೆಗೆ ಲೆಂಟಿವೈರಸ್ ವಾಹಕವನ್ನೇ ಅವಲಂಬಿಸಿದೆ.