ಬಿಲ್ಡ್ ಕಡತಪಥಗಳಲ್ಲಿ ಖಾಲಿ ಜಾಗ ಮತ್ತು ವಿಶೇಷ ಚಿಹ್ನೆಗಳ ಸಮಸ್ಯೆ

ಕಡತ ಅಥವಾ ಫೋಲ್ಡರಿನ ಹೆಸರಿನಲ್ಲಿರುವ ಖಾಲಿ ಜಾಗ, ವಿಶೇಷ ಚಿಹ್ನೆ ಇಲ್ಲವೆ ಇಂಗ್ಲಿಷೇತರ ಅಕ್ಷರಗಳಿಂದ ತಂತ್ರಾಂಶದ ಬಿಲ್ಡ್ ವಿಫಲವಾಗುವುದನ್ನು ಈ ಸಮಸ್ಯೆ ಸೂಚಿಸುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನಂತಹ ತಂತ್ರಜ್ಞಾನ ಕೇಂದ್ರಗಳಲ್ಲಿ ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ ಬರೆದ ಕೋಡ್ ಲಿನಕ್ಸ್ ಸರ್ವರಿನಲ್ಲಿ ಬಿಲ್ಡ್ ಆಗುವುದು ಸಾಮಾನ್ಯ. ಈ ಸ್ಥಳಾಂತರದಲ್ಲಿ ಸಮಸ್ಯೆ ಹೆಚ್ಚಾಗಿ ಹೊರಬೀಳುತ್ತದೆ.

ಕಾರಣಗಳು

ಯುನಿಕ್ಸ್ ಶೆಲ್ ಖಾಲಿ ಜಾಗವನ್ನು ಪದಗಳ ಗಡಿ ಎಂದು ಪರಿಗಣಿಸುತ್ತದೆ. ಆದ್ದರಿಂದ ಉದ್ಧರಣ ಚಿಹ್ನೆಯಿಲ್ಲದ "ಪ್ರೋಗ್ರಾಂ ಫೈಲ್ಸ್" ಎರಡು ಬೇರೆ ಹೆಸರುಗಳಾಗುತ್ತದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ ಮೇಕ್ ಉಪಕರಣವೂ ಕಡತಗಳ ಪಟ್ಟಿಯನ್ನು ಖಾಲಿ ಜಾಗದಿಂದಲೇ ವಿಭಜಿಸುತ್ತದೆ. ಅದರಲ್ಲಿ $ ಚರವನ್ನು, # ಟಿಪ್ಪಣಿಯನ್ನು, % ಮಾದರಿಯನ್ನು ಸೂಚಿಸುತ್ತವೆ.

ಪರಿಣಾಮಗಳು

ಬಿಲ್ಡ್ ನಿಲ್ಲುವುದು ಸಾಮಾನ್ಯ ಪರಿಣಾಮ. ದತ್ತಾಂಶ ನಾಶವೂ ಸಂಭವಿಸಿದೆ. 2001ರ ನವೆಂಬರ್‌ನಲ್ಲಿ ಬಿಡುಗಡೆಯಾದ ಐಟ್ಯೂನ್ಸ್ 2.0ರ ಮ್ಯಾಕ್ ಅನುಸ್ಥಾಪಕವು, ಡಿಸ್ಕ್ ಹೆಸರಿನಲ್ಲಿ ಖಾಲಿ ಜಾಗವಿದ್ದಾಗ ಬಳಕೆದಾರರ ಕಡತಗಳನ್ನು ಅಳಿಸಬಲ್ಲದಾಗಿತ್ತು. 2011ರಲ್ಲಿ ಬಂಬಲ್‌ಬೀ ಯೋಜನೆಯ ಸ್ಕ್ರಿಪ್ಟಿನಲ್ಲಿ ನುಸುಳಿದ ಒಂದು ಹೆಚ್ಚುವರಿ ಖಾಲಿ ಜಾಗದಿಂದ, ಲಿನಕ್ಸ್‌ನ ಪ್ರಮುಖ ಫೋಲ್ಡರೇ ಅಳಿಸಿಹೋಗುವಂತಾಯಿತು.

ಕನ್ನಡದ ಹೆಸರುಗಳು

ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್‌ಗಳು ಬೇಕು. ಲಿನಕ್ಸ್‌ನ ಬಹುತೇಕ ಕಡತ ವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟ್‌ಗಳಾದ್ದರಿಂದ, 85 ಕನ್ನಡ ಸಂಕೇತಗಳಿಗಿಂತ ಉದ್ದದ ಹೆಸರು ಸಾಧ್ಯವಿಲ್ಲ.

"ಪೀಣ್ಯ" ಎಂಬ ಹೆಸರಿನ ದೀರ್ಘ ಈಕಾರವನ್ನು ಒಂದೇ ಸಂಕೇತವಾಗಿಯೂ, ಹ್ರಸ್ವ ಇಕಾರ ಮತ್ತು ದೀರ್ಘ ಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಮೊದಲನೆಯದು 15 ಬೈಟ್, ಎರಡನೆಯದು 18 ಬೈಟ್. ತೆರೆಯ ಮೇಲೆ ಎರಡೂ ಒಂದೇ. ಲಿನಕ್ಸ್ ಮಾತ್ರ ಅವನ್ನು ಬೇರೆ ಬೇರೆ ಕಡತಗಳೆಂದು ಭಾವಿಸುತ್ತದೆ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆಯು ಹೆಸರುಗಳನ್ನು ಎರಡನೆಯ ರೂಪದಲ್ಲಿ ಉಳಿಸುತ್ತಿತ್ತು.

"ವೈಟ್‌ಫೀಲ್ಡ್" ಎಂದು ಬರೆಯುವಾಗ ಟಕಾರಕ್ಕೆ ಫಕಾರ ಒತ್ತಾಗದಂತೆ ನಡುವೆ ಅಗಲವಿಲ್ಲದ ಅದೃಶ್ಯ ಸಂಕೇತವೊಂದನ್ನು ಸೇರಿಸಲಾಗುತ್ತದೆ. ಅದೇ ಸಂಕೇತ ಹೆಸರಿನ ಕೊನೆಯಲ್ಲಿ ಉಳಿದುಬಿಟ್ಟರೆ ಕಣ್ಣಿಗೆ ಕಾಣದು, ಆದರೆ ಹೆಸರು ಹೊಂದಿಕೆಯಾಗದು.

ಪರಿಹಾರಗಳು

* ಶೆಲ್ ಸ್ಕ್ರಿಪ್ಟಿನಲ್ಲಿ ಕಡತಪಥದ ಚರಗಳನ್ನು ಜೋಡಿ ಉದ್ಧರಣ ಚಿಹ್ನೆಗಳ ಒಳಗೆ ಬರೆಯುವುದು. ಮೇಕ್‌ನಲ್ಲಿ ಈ ಕ್ರಮ ಸಾಲದು.
* ಯೋಜನೆಯ ಫೋಲ್ಡರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮತ್ತು ಕಿರುಗೆರೆಗಳನ್ನಷ್ಟೇ ಬಳಸುವುದು. ವಿಂಡೋಸ್‌ನಲ್ಲಿ ಆಂಡ್ರಾಯ್ಡ್ ಬಿಲ್ಡ್ ಕಡತಪಥದಲ್ಲಿ ಇಂಗ್ಲಿಷೇತರ ಅಕ್ಷರಗಳಿವೆಯೇ ಎಂದು ಪರೀಕ್ಷಿಸಿ ಎಚ್ಚರಿಸುತ್ತದೆ.
* ಕನ್ನಡ ಹೆಸರುಗಳು ಅನಿವಾರ್ಯವಾದಲ್ಲಿ, ಎಲ್ಲವನ್ನೂ ಒಂದೇ ಯೂನಿಕೋಡ್ ರೂಪಕ್ಕೆ ತರುವುದು.