ರೌಟರ್‌ಗಳಲ್ಲಿ ಬಫರ್ ಮೆಮೊರಿಯ ನಿಗಾ

ರೌಟರ್‌ಗೆ ಬಂದ ಪ್ಯಾಕೆಟ್ ಮುಂದಿನ ದಾರಿ ಹಿಡಿಯುವ ಮುನ್ನ ತಂಗುವ ಮೆಮೊರಿಯೇ ಬಫರ್. ಒಳಬರುವ ವೇಗ ಹೊರಹೋಗುವ ವೇಗವನ್ನು ಮೀರಿದಾಗ ಪ್ಯಾಕೆಟ್‌ಗಳು ಇಲ್ಲಿ ಸಾಲುಗಟ್ಟುತ್ತವೆ. ಜಾಗ ತುಂಬಿದರೆ ಬಿದ್ದುಹೋಗುತ್ತವೆ. ಈ ಜಾಗ ಯಾವಾಗ ಸಾಲದಾಗುತ್ತದೆ, ಕೊಟ್ಟ ಬಫರ್ ಮರಳಿ ಬರುತ್ತಿದೆಯೇ ಎಂಬುದನ್ನು ಎಣಿಕೆಗಳ ಮೂಲಕ ಗಮನಿಸುವುದೇ ಬಫರ್ ನಿಗಾ. ಲಿಂಕ್ ಅರ್ಧವೂ ತುಂಬಿರದಾಗ ಪ್ಯಾಕೆಟ್ ಬೀಳುತ್ತಿದ್ದರೆ, ಕಾರಣವನ್ನು ಮೊದಲು ಹುಡುಕಬೇಕಾದ ಜಾಗಗಳಲ್ಲಿ ಇದೊಂದು.

ಹಿನ್ನೆಲೆ

ಸಮಸ್ಯೆ ಜಾಲಗಳಷ್ಟೇ ಹಳೆಯದು. 1969ರಲ್ಲಿ ಆರಂಭವಾದ ಆರ್ಪಾನೆಟ್‌ನಲ್ಲಿ, ಸಂದೇಶದ ತುಣುಕುಗಳನ್ನು ಜೋಡಿಸಬೇಕಾದ ಕೊನೆಯ ಯಂತ್ರದ ಬಫರ್‌ಗಳೆಲ್ಲ ಅರೆಬರೆ ಸಂದೇಶಗಳಿಂದ ತುಂಬಿಹೋಗಿ, ಉಳಿದ ತುಣುಕುಗಳು ಪಕ್ಕದ ಯಂತ್ರಗಳಲ್ಲೇ ಸಿಕ್ಕಿಬೀಳುತ್ತಿದ್ದವು. ಬಫರ್ ಹೆಚ್ಚಿಸಿದರೆ ಸಾಕೆಂಬ ಭಾವನೆಯನ್ನು ಜಾನ್ ನೇಗಲ್ 1985ರಲ್ಲೇ ಪ್ರಶ್ನಿಸಿದ್ದರು: ಮೆಮೊರಿ ಅಪರಿಮಿತವಾಗಿದ್ದರೂ ದಟ್ಟಣೆಯಲ್ಲಿ ಪ್ಯಾಕೆಟ್‌ಗಳು ಸಾಲಿನಲ್ಲಿ ಕಾಯುತ್ತಲೇ ಆಯುಷ್ಯ ತೀರಿ ವ್ಯರ್ಥವಾಗುತ್ತವೆ.

ಪೂಲ್‌ಗಳ ಎಣಿಕೆ

ಸಿಸ್ಕೊ ಐಒಎಸ್‌ನ ‘ಶೋ ಬಫರ್ಸ್’ ಆಜ್ಞೆಯನ್ನು ಇಲ್ಲಿ ವಿವರವಾಗಿ ನೋಡುವುದು ಯುಕ್ತ. ಬಫರ್‌ನ ಬದುಕು ಇಷ್ಟು ಬಿಚ್ಚಿ ಕಾಣುವುದು ಅಪರೂಪ. ಸಾಂಪ್ರದಾಯಿಕ ಐಒಎಸ್‌ನಲ್ಲಿ ಸಾರ್ವಜನಿಕ ಪೂಲ್‌ಗಳು, ಅಂದರೆ ಒಂದೇ ಗಾತ್ರದ ಬಫರ್‌ಗಳ ಗುಂಪುಗಳು, ಆರು: ಸ್ಮಾಲ್ 104 ಬೈಟ್, ಮಿಡಲ್ 600, ಬಿಗ್ 1536, ವೆರಿ ಬಿಗ್ 4520, ಲಾರ್ಜ್ 5024, ಹ್ಯೂಜ್ 18024. ಕೇಳಿದ ಕೂಡಲೇ ಬಫರ್ ಸಿಕ್ಕರೆ ‘ಹಿಟ್’. ಖಾಲಿ ಬಫರ್ ಇಲ್ಲದಿದ್ದರೆ ‘ಮಿಸ್’. ಆಗ ಮುಖ್ಯ ಮೆಮೊರಿಯಿಂದ ಹೊಸದನ್ನು ರಚಿಸಲಾಗುತ್ತದೆ, ‘ಕ್ರಿಯೇಟೆಡ್’ ಏರುತ್ತದೆ. ದಟ್ಟಣೆ ಇಳಿದ ಮೇಲೆ ಹೆಚ್ಚುವರಿಯನ್ನು ಕತ್ತರಿಸಿ ಮೆಮೊರಿಗೆ ಮರಳಿಸುವುದು ‘ಟ್ರಿಮ್’.

ಮಿಸ್ ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಇಂಟರಪ್ಟ್ ನಡೆಯುತ್ತಿರುವಾಗ ಹೊಸ ಬಫರ್ ರಚಿಸಲು ರೌಟರ್‌ಗೆ ಪುರುಸೊತ್ತಿಲ್ಲ; ಆಗ ಬಫರ್ ಸಿಗದೆ ಬಿದ್ದ ಪ್ಯಾಕೆಟ್ ‘ಫೇಲ್ಯೂರ್’ ಲೆಕ್ಕಕ್ಕೆ ಸೇರುತ್ತದೆ. ಹಾನಿಯ ನಿಜವಾದ ಅಳತೆ ಇದು. ಅದರ ಪಕ್ಕದ ‘ನೋ ಮೆಮೊರಿ’ ಏರುತ್ತಿದ್ದರೆ ಪೂಲ್ ಬೆಳೆಸಲು ಮುಖ್ಯ ಮೆಮೊರಿಯೇ ಬರಿದಾಗಿದೆ. ಎಣಿಕೆಗಳು ರೌಟರ್ ಚಾಲೂ ಆದಂದಿನಿಂದ ಕೂಡಿಬಂದವು. ಒಂದು ಸಲದ ಓದಿಗೆ ಹೆಚ್ಚು ಬೆಲೆಯಿಲ್ಲ, ಎರಡು ಓದುಗಳ ವ್ಯತ್ಯಾಸ ಬೇಕು.

ಕ್ರಿಯೇಟೆಡ್ ಮತ್ತು ಟ್ರಿಮ್ ಜೊತೆಜೊತೆಯಾಗಿ ಏರುತ್ತಿದ್ದರೆ ದಟ್ಟಣೆ ಅಲೆಅಲೆಯಾಗಿ ಬರುತ್ತಿದೆ ಎಂದು ಊಹಿಸಬಹುದು. ಒಟ್ಟು ಬಫರ್ ಬೆಳೆಯುತ್ತಲೇ ಇದ್ದು, ಖಾಲಿ ಬಫರ್ ಮಾತ್ರ ಹೆಚ್ಚದಿದ್ದರೆ ಸೋರಿಕೆಯ ಶಂಕೆ: ಯಾವುದೋ ಪ್ರಕ್ರಿಯೆ ಬಫರ್ ಪಡೆದು ಹಿಂತಿರುಗಿಸುತ್ತಿಲ್ಲ. ಇದೇ ತೊಂದರೆ ಇಂಟರ್‌ಫೇಸ್‌ನಲ್ಲಿ ಒಂದು ಗುರುತು ಬಿಡುತ್ತದೆ. ಒಳಬರುವ ಸಾಲಿನ ಮಿತಿ ಸಾಮಾನ್ಯವಾಗಿ 75. ಅಲ್ಲಿ ‘76/75’ ಎಂಬ ಅಂಕಿ ಕದಲದೆ ನಿಂತರೆ ಆ ಇಂಟರ್‌ಫೇಸ್ ಸಿಲುಕಿಕೊಂಡಿದೆ. ಇಂಥ ಕಡೆ ಪೂಲ್ ಹಿಗ್ಗಿಸುವುದು ಪರಿಹಾರವಲ್ಲ, ದೋಷ ತಂತ್ರಾಂಶದಲ್ಲಿರುತ್ತದೆ.

ಓದಿನ ಅವಧಿ

ಎಸ್‌ಎನ್‌ಎಂಪಿ ಎಂಬ ಜಾಲ ನಿರ್ವಹಣಾ ವಿಧಾನದ ಮೂಲಕ 5 ನಿಮಿಷಕ್ಕೊಮ್ಮೆ ಓದುವ ರೂಢಿ ವ್ಯಾಪಕ. ಎರಡು 10 ಗಿಗಾಬಿಟ್ ಕೊಂಡಿಗಳ ದಟ್ಟಣೆ ಒಂದೇ 10 ಗಿಗಾಬಿಟ್ ಕೊಂಡಿಗೆ ನುಗ್ಗಿದರೆ ಮಿಲಿಸೆಕೆಂಡಿಗೆ 1.25 ಮೆಗಾಬೈಟ್ ಉಳಿಕೆ ಬೀಳುತ್ತದೆ. 12 ಮೆಗಾಬೈಟ್ ಬಫರ್ 10 ಮಿಲಿಸೆಕೆಂಡಿನೊಳಗೆ ಭರ್ತಿ. 5 ನಿಮಿಷದಲ್ಲಿ ಅಂಥ ಅವಧಿಗಳು 30,000. ಸರಾಸರಿಯ ಗೆರೆಯಲ್ಲಿ ಇದರ ಸುಳಿವೇ ಇರದು. ‘ಇಫ್‌ಔಟ್‌ಡಿಸ್ಕಾರ್ಡ್ಸ್’ ಎಣಿಕೆ ಬಿದ್ದ ಪ್ಯಾಕೆಟ್‌ಗಳನ್ನು ಹೇಳೀತು, ಬಿದ್ದ ಕ್ಷಣವನ್ನಲ್ಲ. ಸಾಲು ಮುಟ್ಟಿದ ಗರಿಷ್ಠ ಮಟ್ಟವನ್ನು ಯಂತ್ರಾಂಶವೇ ನೆನಪಿಟ್ಟು ತಿಳಿಸುವ ಸೌಲಭ್ಯವಿದ್ದರೆ ಅದನ್ನೇ ನೆಚ್ಚುವುದು ಲೇಸು.

ಗಾತ್ರ

ಕೊಂಡಿಯ ವೇಗವನ್ನು ಹೋಗಿಬರುವ ಕಾಲದಿಂದ ಗುಣಿಸಿದಷ್ಟು ಬಫರ್ ಬೇಕೆಂಬುದು ಹಳೆಯ ಸೂತ್ರ: 10 ಗಿಗಾಬಿಟ್ ವೇಗಕ್ಕೆ, 250 ಮಿಲಿಸೆಕೆಂಡಿನಂತೆ, 2.5 ಗಿಗಾಬಿಟ್. ಈ ಮೊತ್ತವನ್ನು ಕೊಂಡಿಯಲ್ಲಿ ಏಕಕಾಲಕ್ಕೆ ಸಾಗುವ ಹರಿವುಗಳ (ಸಂಪರ್ಕಗಳ) ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸಾಕೆಂದು ಅಪೆನ್ಜೆಲ್ಲರ್, ಕೆಸ್ಲಾಸಿ, ಮೆಕ್‌ಕೌನ್ 2004ರಲ್ಲಿ ತೋರಿಸಿದರು. 50,000 ಹರಿವುಗಳಿದ್ದರೆ ಸುಮಾರು 10 ಮೆಗಾಬಿಟ್. ಹರಿವುಗಳು ವಿರಳವಾದ ಮನೆ ರೌಟರ್‌ಗೆ ಈ ಲೆಕ್ಕ ಒಪ್ಪದು. ಅಲ್ಲಿ ದೊಡ್ಡ ಬಫರ್ ಪ್ಯಾಕೆಟ್ ಬೀಳಿಸದೆ ವಿಳಂಬ ಬೆಳೆಸುವುದರಿಂದ, ಫೇಲ್ಯೂರ್ ಸೊನ್ನೆಯಿದ್ದರೂ ಕರೆಗಳು ತಡವರಿಸಬಹುದು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ವಿಧಾನ ಸಾಲಿನ ಉದ್ದವನ್ನು ಬಿಟ್ಟು, ಪ್ಯಾಕೆಟ್ ಸಾಲಿನಲ್ಲಿ ಕಳೆದ ಕಾಲವನ್ನು ಅಳೆಯುತ್ತದೆ. 100 ಮಿಲಿಸೆಕೆಂಡು ಕಾಲ ಅದು 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಪ್ಯಾಕೆಟ್ ಬಿಡತೊಡಗುತ್ತದೆ.